ಸೀಟು ಸಿಕ್ಕ ಮೇಲೆ

2022ರ ಜೂನ್ 20ರಂದು ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿಯವರು ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳೆಂದು ಲೋಕಾರ್ಪಣೆ ಮಾಡಿದರು. ಟಾಟಾ ಟೆಕ್ನಾಲಜೀಸ್ ಮತ್ತು ಇತರ ಕಂಪನಿಗಳೊಂದಿಗೆ ಸೇರಿ ರಾಜ್ಯ ಸರ್ಕಾರ ಕೈಗೊಂಡ ಈ ಕೆಲಸಕ್ಕೆ ತಗುಲಿದ ವೆಚ್ಚ 4,600 ಕೋಟಿ ರೂಪಾಯಿಗೂ ಹೆಚ್ಚು. ನಾವು ಓದುವಾಗ ಚಿತ್ರದಲ್ಲೂ ನೋಡದಿದ್ದ ಯಂತ್ರಗಳು ತಾಲ್ಲೂಕು ಊರುಗಳಿಗೆ ಬಂದವು. ಸಿಎನ್‌ಸಿ ಬಂತು, ಕೈಗಾರಿಕಾ ರೋಬೊ ಬಂತು, ವಿದ್ಯುತ್ ವಾಹನ ದುರಸ್ತಿಯ ಕೋರ್ಸ್ ಬಂತು. ಪಟ್ಟಾ ಹಾಕಿ ತಿರುಗಿಸುತ್ತಿದ್ದ ಲೇತಿನ ಮುಂದೆ ಕಲಿತ ನನ್ನಂಥವರಿಗೆ ಇದನ್ನು ನೋಡಿ ಸಂತೋಷವೇ ಆಗಿದೆ. ಹಳಿಯುವುದಕ್ಕೆ ನಾನು ಇಲ್ಲಿ ನಿಂತಿಲ್ಲ.

ನಾನು ಕೆಲಸ ಮಾಡಿದ್ದೆಲ್ಲ ಸರ್ಕಾರಿ ಪಾಲಿಟೆಕ್ನಿಕ್‌ಗಳಲ್ಲಿ. ಕೊನೆಯ ವರ್ಷಗಳಲ್ಲಿ ಪ್ಲೇಸ್‌ಮೆಂಟ್ ವಿಭಾಗವನ್ನೂ ನೋಡಿಕೊಂಡೆ. ಹಾಗಾಗಿ ತರಬೇತಿಯನ್ನು ವಿಸ್ತರಿಸುತ್ತೇವೆ ಎಂದು ಯಾರಾದರೂ ಹೇಳಿದಾಗ ನನ್ನ ಕಿವಿ ನಿಮಿರುತ್ತದೆ. ಏನನ್ನು ವಿಸ್ತರಿಸುತ್ತಾರೆ? ಕಟ್ಟಡವನ್ನು, ಯಂತ್ರವನ್ನು, ಸೀಟುಗಳ ಸಂಖ್ಯೆಯನ್ನು. ಇವೆಲ್ಲ ಬೇಕು. ಆದರೆ ಬಡವರ ಮಕ್ಕಳು, ಹಳ್ಳಿಯ ಮಕ್ಕಳು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಕೈಜಾರಿ ಹೋಗುವುದು ಸೀಟು ಸಿಗದೆ ಅಲ್ಲ. ಸೀಟು ಸಿಕ್ಕ ಮೇಲೆ ಜಾರುತ್ತಾರೆ. ಕೋರ್ಸಿನ ನಡುವೆ, ಅದಕ್ಕಿಂತ ಹೆಚ್ಚಾಗಿ ಕೋರ್ಸು ಮುಗಿದು ಕೆಲಸ ಶುರುವಾಗುವ ಆ ಒಂದೆರಡು ತಿಂಗಳಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದು ಆ ಒಂದೆರಡು ತಿಂಗಳ ವಿಷಯವನ್ನೇ.

ಸಿಂಧನೂರಿನ ಕಡೆಯ ಹುಡುಗನೊಬ್ಬನಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ. ಕೈ ಚೊಕ್ಕ. ಫೈಲಿಂಗ್ ಕಲಿಸುವಾಗ ಕಬ್ಬಿಣದ ತುಂಡನ್ನು ಬೆಂಚ್ ವೈಸಿಗೆ ಕಚ್ಚಿಸಿ ಅರ ಆಡಿಸುತ್ತಾರಲ್ಲ, ಅದರಲ್ಲಿ ಮಕ್ಕಳ ಜಾತಕ ತಿಳಿಯುತ್ತದೆ. ಅರ ಅತ್ತಿತ್ತ ತೂಗಾಡಿದರೆ ಮೇಲ್ಮೈ ನಡುವೆ ಉಬ್ಬುತ್ತದೆ. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಉಬ್ಬಿನ ಎರಡೂ ಪಕ್ಕ ಬೆಳಕು ಸೀಳಿ ಬರುತ್ತದೆ. ಈ ಹುಡುಗನ ತುಂಡಿನಲ್ಲಿ ಬೆಳಕು ನುಸುಳುತ್ತಿರಲಿಲ್ಲ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆ ಕ್ಯಾಂಪಸ್ ಸಂದರ್ಶನಕ್ಕೆ ಬಂದಾಗ ಮೊದಲ ಸುತ್ತಿನಲ್ಲೇ ಅವನನ್ನು ಅಪ್ರೆಂಟಿಸ್ ಆಗಿ ಆರಿಸಿಕೊಂಡಿತು. ನಮ್ಮ ನೋಟಿಸ್ ಬೋರ್ಡಿನಲ್ಲಿ ಅವನ ಫೋಟೊ ಹಾಕಿದೆವು.

ಮೂರನೆಯ ವಾರಕ್ಕೆ ವಾಪಸ್ ಬಂದ. ಕಾರಣ ಕೇಳಿದಾಗ ನೆಲ ನೋಡುತ್ತ ನಿಂತ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಶಿಷ್ಯವೇತನ ಬರುವುದು ತಿಂಗಳು ಮುಗಿದು, ಮುಂದಿನ ತಿಂಗಳ ಹತ್ತನೇ ತಾರೀಖಿನ ಹೊತ್ತಿಗೆ. ಅಷ್ಟರೊಳಗೆ ರೂಮಿಗೆ ಅಡ್ವಾನ್ಸ್, ಒಂದು ತಿಂಗಳ ಬಾಡಿಗೆ, ಹಾಸಿಗೆ, ಬಕೆಟ್ಟು, ವೈದ್ಯಕೀಯ ಪ್ರಮಾಣಪತ್ರದ ಖರ್ಚು, ಸೇಫ್ಟಿ ಶೂ, ಎರಡು ಹೊತ್ತಿನ ಊಟ. "ಅವ್ವ ಸಂಘದಾಗ ಸಾಲ ಎತ್ಯಾಳ್ರಿ ಸರ್, ಅದೂ ಮುಗೀತು. ವಾರದ ಕಂತು ಕಟ್ಟೂದು ಬ್ಯಾರೆ ಅದ." ಕಾರ್ಖಾನೆಯಿಂದ ನಮಗೆ ಬಂದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಬಿಟ್ಟುಹೋದ ಕಾರಣ' ಎಂಬ ಅಂಕಣದಲ್ಲಿ ಒಂದೇ ಮಾತು ಇತ್ತು: ಆಸಕ್ತಿಯಿಲ್ಲ.

ಆ ಅಂಕಣವನ್ನು ನಾನು ಈಗಲೂ ಮರೆತಿಲ್ಲ. ಸರ್ಕಾರದ, ಕಂಪನಿಯ, ಕಾಲೇಜಿನ ಎಲ್ಲ ವರದಿಗಳೂ ಇಂಥ ಅಂಕಣಗಳನ್ನು ಕೂಡಿಸಿಯೇ ತಯಾರಾಗುತ್ತವೆ. ಹಳ್ಳಿ ಹುಡುಗರು ನಿಲ್ಲುವುದಿಲ್ಲ, ಊರ ಜಾತ್ರೆಗೆ ಹೋದವರು ಬರುವುದಿಲ್ಲ ಎಂದು ಮಾನವ ಸಂಪನ್ಮೂಲ ಅಧಿಕಾರಿಗಳು ಹೇಳುವುದನ್ನು ನೀವೂ ಕೇಳಿರುತ್ತೀರಿ. ಜಾತ್ರೆಗೆ ಹೋಗಿ ಬಾರದಿರುವವರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ಹತ್ತು ಹದಿನೈದು ಸಾವಿರ ರೂಪಾಯಿಯ ಕೊರತೆಯಿಂದ ಮೂರು ವರ್ಷದ ಓದು, ಅದರ ಮೇಲೆ ಸರ್ಕಾರ ಸುರಿದ ಲಕ್ಷಗಟ್ಟಲೆ ಹಣ ಎರಡೂ ನೀರುಪಾಲಾಗುತ್ತವೆ ಎಂಬುದನ್ನು ಯಾವ ಅಂಕಣವೂ ಹೇಳುವುದಿಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಇದೆ. ಅಪ್ರೆಂಟಿಸ್ ಕಾಯ್ದೆ 1961ರದು. ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದವರನ್ನು 1973ರ ತಿದ್ದುಪಡಿ ಅದರೊಳಗೆ ತಂದಿತು. 2019ರಲ್ಲಿ ಬದಲಾದ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕನಿಷ್ಠ ಶಿಷ್ಯವೇತನವನ್ನು ಓದಿನ ಮಟ್ಟಕ್ಕೆ ತಕ್ಕಂತೆ 5,000ದಿಂದ 9,000 ರೂಪಾಯಿವರೆಗೆ ಅದೇ ನಿಯಮಗಳು ಗೊತ್ತುಮಾಡಿದವು. ಶಿಷ್ಯವೇತನದ ಕಾಲುಭಾಗವನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರ ಭರಿಸುವ ಯೋಜನೆ 2016ರಲ್ಲೇ ಬಂದಿತ್ತು. ಇಷ್ಟೆಲ್ಲ ಇದ್ದರೂ ಮೊದಲ ನಲವತ್ತು ದಿನ ಹುಡುಗ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಎಂಬ ಪ್ರಶ್ನೆಗೆ ಇದಾವುದರಲ್ಲೂ ಉತ್ತರವಿಲ್ಲ. ಬಾವಿ ತೋಡಿಸಿದ್ದೇವೆ, ಹಗ್ಗವನ್ನು ಅವರವರೇ ತರಲಿ ಎಂದಿದ್ದೇವೆ.

ಹಗ್ಗವನ್ನೂ ಕೊಟ್ಟ ಒಂದು ಊರಿನ ಕಥೆ ಹೇಳುತ್ತೇನೆ. ದೂರದ್ದು, ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ. 1990ರಲ್ಲಿ ಲೀವೈಸ್ ಜೀನ್ಸ್ ಕಂಪನಿ ಅಲ್ಲಿನ ತನ್ನ ಹೊಲಿಗೆ ಕಾರ್ಖಾನೆಯೊಂದನ್ನು ಮುಚ್ಚಿ ಉತ್ಪಾದನೆಯನ್ನು ಕೋಸ್ಟರಿಕಾಕ್ಕೆ ಸಾಗಿಸಿತು. ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಬಹುಪಾಲು ಮೆಕ್ಸಿಕನ್ ಮೂಲದ ಹೆಂಗಸರು. ನಮ್ಮ ಬೆಂಗಳೂರು, ರಾಮನಗರ, ಮಂಡ್ಯ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಗ ಆ ಊರಿನ ಚರ್ಚುಗಳ, ಬಡಾವಣೆಗಳ ಜನರನ್ನು ಒಟ್ಟುಗೂಡಿಸಿದ್ದ ಎರಡು ಸಂಘಟನೆಗಳು ಒಂದು ವಿಚಾರವನ್ನು ಪತ್ತೆಹಚ್ಚಿದವು. ಊರಿನಲ್ಲಿ ಕೆಲಸವೇ ಇಲ್ಲ ಎಂದೇನಲ್ಲ. ಆಸ್ಪತ್ರೆಗಳಿಗೆ ದಾದಿಯರು ಬೇಕು, ವೈದ್ಯಕೀಯ ದಾಖಲೆ ನೋಡುವವರು ಬೇಕು. ಸಮುದಾಯ ಕಾಲೇಜುಗಳಲ್ಲಿ ಆ ಕೋರ್ಸುಗಳೂ ಇವೆ. ಈ ಹೆಂಗಸರು ಮಾತ್ರ ಅಲ್ಲಿಗೆ ಮುಟ್ಟುತ್ತಿಲ್ಲ, ಮುಟ್ಟಿದವರು ಮುಗಿಸುತ್ತಿಲ್ಲ. 1992ರಲ್ಲಿ ಅವರು 'ಪ್ರಾಜೆಕ್ಟ್ ಕ್ವೆಸ್ಟ್' ಎಂಬ ಸಂಸ್ಥೆ ಕಟ್ಟಿದರು.

ಅದು ಹೊಸ ಕಾಲೇಜನ್ನೇನೂ ತೆರೆಯಲಿಲ್ಲ, ಹೊಸ ಯಂತ್ರ ಕೊಳ್ಳಲಿಲ್ಲ. ಕಾಲೇಜಿಗೆ ಸೇರಿದವರ ಸುತ್ತಲಿನ ಕೆಲಸ ಮಾಡಿತು. ಶುಲ್ಕಕ್ಕೆ ನೆರವು, ಓಡಾಟಕ್ಕೆ ನೆರವು, ಮಕ್ಕಳನ್ನು ನೋಡಿಕೊಳ್ಳಲು ನೆರವು, ಗಣಿತ ಇಂಗ್ಲಿಷ್‌ನಲ್ಲಿ ಹಿಂದುಳಿದವರಿಗೆ ಮೊದಲು ಅದರ ಪಾಠ. ಎಲ್ಲಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆ ಒಬ್ಬ ಸಲಹೆಗಾರರ ಎದುರು ಕೂರಬೇಕು, ತಪ್ಪಿಸುವಂತಿಲ್ಲ. ಮುಂದೆ ಇದನ್ನು ಸಂಶೋಧಕರು ಕಟ್ಟುನಿಟ್ಟಾಗಿ ಪರೀಕ್ಷಿಸಿದರು. ಅರ್ಜಿ ಹಾಕಿದ ಅರ್ಹರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ನೆರವು ಕೊಟ್ಟು, ಇನ್ನೊಂದನ್ನು ಅದರ ಪಾಡಿಗೆ ಬಿಟ್ಟು, ವರ್ಷಗಟ್ಟಲೆ ಎರಡೂ ಗುಂಪಿನ ಗಳಿಕೆಯನ್ನು ಹಿಂಬಾಲಿಸಿದರು. ಮೊದಲ ವರ್ಷ ನೆರವು ಪಡೆದವರ ಗಳಿಕೆಯೇ ಕಡಿಮೆ, ಏಕೆಂದರೆ ಅವರು ತರಗತಿಯಲ್ಲಿದ್ದರು. ಆಮೇಲೆ ಅವರು ಮುಂದಕ್ಕೆ ಹೋದರು, ಒಂಬತ್ತನೆಯ ವರ್ಷದಲ್ಲೂ ಮುಂದೆಯೇ ಇದ್ದರು. ಉದ್ಯೋಗ ತರಬೇತಿಯ ಲಾಭ ಇಷ್ಟು ದೀರ್ಘಕಾಲ ನಿಂತಿದ್ದಕ್ಕೆ ಪುರಾವೆ ಸಿಗುವುದು ಅಪರೂಪ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಕೌಶಲ ಯೋಜನೆಯನ್ನು ಅಳೆಯುವುದು ಹೇಗೆ? ಎಷ್ಟು ಜನಕ್ಕೆ ಪ್ರಮಾಣಪತ್ರ ಕೊಟ್ಟಿರಿ, ಮೂರು ತಿಂಗಳೊಳಗೆ ಎಷ್ಟು ಜನಕ್ಕೆ ಕೆಲಸ ಕೊಡಿಸಿದಿರಿ ಎಂದು. ಸ್ಯಾನ್ ಆಂಟೋನಿಯೊದ ಯೋಜನೆಯನ್ನು ನಮ್ಮ ಪರಿಶೀಲನಾ ಸಭೆಯ ಮುಂದೆ ಇಟ್ಟಿದ್ದರೆ ಮೊದಲ ವರ್ಷವೇ ಮುಚ್ಚಿಸುತ್ತಿದ್ದರು. ಪ್ರಮಾಣಪತ್ರ ಬೇಗ ಕೊಡಬಹುದು. ಹದಿನೈದು ದಿನದ ಕೋರ್ಸು ಮಾಡಿ, ಬ್ಯಾಗು ಹಂಚಿ, ಗುಂಪು ಫೋಟೊ ತೆಗೆಸಿ, ಸಂಖ್ಯೆ ತುಂಬಿಸಬಹುದು. ಅಂಥ ಫೋಟೊಗಳಲ್ಲಿ ನಾನೂ ಕೂತಿದ್ದೇನೆ, ಬೇಕಾದರೆ ತೋರಿಸುತ್ತೇನೆ.

ಕ್ವೆಸ್ಟ್ ಅಗ್ಗದ ಯೋಜನೆಯಲ್ಲ. ಒಬ್ಬೊಬ್ಬರ ಮೇಲೂ ಹತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚಾಯಿತು. ಅದಕ್ಕಾಗಿಯೇ ಅದು ದಶಕಗಳ ಕಾಲ ಸಣ್ಣದಾಗಿಯೇ ಉಳಿಯಿತು. ದೊಡ್ಡದು ಮಾಡಬೇಕೆಂದಾಗ ಹಣ ಎಲ್ಲಿಂದ ಎಂಬ ಪ್ರಶ್ನೆ ಬಂತು. 2020ರ ನವೆಂಬರಿನಲ್ಲಿ ಆ ನಗರದ ಮತದಾರರು ಡಾಲರಿಗೆ ಒಂದು ಸೆಂಟಿನ ಎಂಟನೇ ಒಂದು ಭಾಗದಷ್ಟು ಮಾರಾಟ ತೆರಿಗೆಯನ್ನು ಉದ್ಯೋಗ ತರಬೇತಿಗೆ ಕೊಡಲು ಒಪ್ಪಿ ಮತ ಹಾಕಿದರು. ಕೋವಿಡ್ ವರ್ಷದಲ್ಲಿ, ಅನೇಕರು ಕೆಲಸವಿಲ್ಲದೆ ಕೂತಿದ್ದಾಗ. ನಮ್ಮ ಯಾವ ನಗರಸಭೆಯಲ್ಲಿ ಇಂಥ ಪ್ರಶ್ನೆಯನ್ನು ಜನರ ಮುಂದಿಟ್ಟಾರು ಎಂದು ನಾನು ಯೋಚಿಸುವುದುಂಟು.

ಅಷ್ಟು ದೂರ ಹೋಗಬೇಕೆ ಎಂದು ಕೇಳಿದರೆ, ಉಜಿರೆಗೆ ಬನ್ನಿ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ, ವಸತಿ ಉಚಿತವಾಗಿ ಕೊಟ್ಟು ಕೆಲವೇ ವಾರಗಳ ತರಬೇತಿ: ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆ, ಪಂಪ್‌ಸೆಟ್ ರಿವೈಂಡಿಂಗ್ ತರಹದ್ದು. ಸ್ವಂತ ಉದ್ಯೋಗಕ್ಕೆ ಇಳಿಯುವವರಿಗೆ. ಅದರ ಜೀವ ಇರುವುದು ಆ ವಾರಗಳಲ್ಲಲ್ಲ. ತರಬೇತಿ ಮುಗಿದ ಮೇಲೆ ಎರಡು ವರ್ಷ ಸಂಸ್ಥೆಯವರು ಬೆನ್ನುಬಿಡುವುದಿಲ್ಲ. ಅಂಗಡಿ ತೆರೆದೆಯಾ, ಸಾಲ ಸಿಕ್ಕಿತಾ, ಬ್ಯಾಂಕಿನವರು ಏನೆಂದರು ಎಂದು ವಿಚಾರಿಸುತ್ತಾರೆ, ಬೇಕಾದರೆ ಬ್ಯಾಂಕಿಗೆ ಜೊತೆಯಲ್ಲಿ ಬರುತ್ತಾರೆ. ಈ ಮಾದರಿಯನ್ನೇ ಹಿಡಿದು ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ 2009ರಿಂದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತೆರೆಸಿತು. ಉಜಿರೆ, ಸ್ಯಾನ್ ಆಂಟೋನಿಯೊ ಎರಡಕ್ಕೂ ಸಂಬಂಧವಿಲ್ಲ. ಆದರೂ ಎರಡೂ ಕಡೆ ಫಲ ಕೊಟ್ಟಿದ್ದು ಒಂದೇ ಸಂಗತಿ: ಹೆಸರು ಹಿಡಿದು ವಿಚಾರಿಸುವ ಒಬ್ಬ ಮನುಷ್ಯ.

ನಮ್ಮ ಕಾಲೇಜುಗಳಲ್ಲಿ ಆ ಮನುಷ್ಯ ಯಾರು? ಪ್ಲೇಸ್‌ಮೆಂಟ್ ಅಧಿಕಾರಿ ಎಂಬ ಫಲಕವಿದೆ. ಫಲಕದ ಹಿಂದೆ ಇರುವವರು ವಾರಕ್ಕೆ ಹದಿನಾರು ಗಂಟೆ ಪಾಠ ಮಾಡಿ, ನ್ಯಾಕ್ ಕಡತ ತುಂಬಿ, ಚುನಾವಣಾ ಕರ್ತವ್ಯ ಮುಗಿಸಿ, ಉಳಿದ ಹೊತ್ತಿನಲ್ಲಿ ಕಂಪನಿಗೆ ಫೋನ್ ಮಾಡುವ ಒಬ್ಬ ಪ್ರಾಧ್ಯಾಪಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಭಾರವನ್ನು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಶೈಕ್ಷಣಿಕ ವರ್ಷ ಮುಗಿದ ಕೂಡಲೇ ತಮ್ಮ ಕೆಲಸವೇ ಉಳಿಯುತ್ತದೋ ಇಲ್ಲವೋ ತಿಳಿಯದವರು ಹೋದ ವರ್ಷದ ವಿದ್ಯಾರ್ಥಿ ಕೆಲಸದಲ್ಲಿ ಉಳಿದಿದ್ದಾನೋ ಎಂದು ಹೇಗೆ ವಿಚಾರಿಸಿಯಾರು? ಐಟಿಐಗಳಲ್ಲೂ ಹೀಗೆಯೇ. ಕೋಟಿ ಬೆಲೆಯ ಯಂತ್ರದ ಪಕ್ಕ ಕಿರಿಯ ತರಬೇತಿ ಅಧಿಕಾರಿಯ ಹುದ್ದೆ ಖಾಲಿ ಇದ್ದರೆ ಆ ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ತೆಗೆಯುವವರು ಯಾರು? ನನ್ನನ್ನು ಕೇಳಿದರೆ ಮುಂದಿನ ಐದು ವರ್ಷ ಒಂದು ರೂಪಾಯಿಯನ್ನೂ ಕಟ್ಟಡಕ್ಕೆ ಹಾಕದೆ ಪೂರ್ತಿ ಜನರ ಮೇಲೆ ಹಾಕಿ ಎನ್ನುತ್ತೇನೆ. ಅತಿ ಎನಿಸಬಹುದು; ಅನ್ನಿಸಲಿ.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಉದ್ಯೋಗ ತರಬೇತಿ ಎಂದರೆ ಐಟಿಐ, ಪಾಲಿಟೆಕ್ನಿಕ್ ಎಂದು ನಾವು ಬಹುಕಾಲ ತಿಳಿದೆವು. ಅಲ್ಲಿ ಹೆಣ್ಣುಮಕ್ಕಳು ಕಡಿಮೆ. ಅವರು ಇರುವುದು ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿನಲ್ಲಿ, ಬಿ.ಎ., ಬಿ.ಕಾಂ. ತರಗತಿಗಳಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಅಡ್ಡಿಯೂ ಅವರಿಗೆ ಇಲ್ಲವಾಯಿತು. ಉಚಿತ ಬಸ್ಸಿನ ಬಗ್ಗೆ ಪರ ವಿರೋಧ ಎರಡೂ ಮಾತು ಕೇಳಿದ್ದೇನೆ. ಸಂಜೆ ಪ್ರಾಕ್ಟಿಕಲ್ ಕ್ಲಾಸಿಗೂ ಹುಡುಗಿಯರು ಉಳಿಯತೊಡಗಿದರು ಎಂದು ಅಧ್ಯಾಪಕರು ಹೇಳುವ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಹಾಗಿದ್ದ ಮೇಲೆ ತರಬೇತಿಯೇ ಅವರಿರುವಲ್ಲಿಗೆ ಬರಬೇಕು.

2024–25ರಿಂದ ರಾಜ್ಯದ ಹಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಒಳಗೊಂಡ ಪದವಿ ಶುರುವಾಗಿದೆ. ಮೊದಲು ತರಗತಿ, ಕೊನೆಯ ಹಂತದಲ್ಲಿ ಕಂಪನಿಯಲ್ಲಿ ದುಡಿಮೆ, ಜೊತೆಗೆ ಶಿಷ್ಯವೇತನ. ಬ್ಯಾಂಕಿಂಗ್, ರಿಟೇಲ್, ಸರಕು ಸಾಗಣೆ ಇತ್ಯಾದಿ. ಇದು ಒಳ್ಳೆಯ ಹೆಜ್ಜೆ. ಎರಡು ಎಚ್ಚರಿಕೆ ಮಾತ್ರ ಹೇಳಬೇಕು.

ಮೊದಲನೆಯದು, ಆ ದುಡಿಮೆಯ ವರ್ಷ ನಡೆಯುವುದು ಬೆಂಗಳೂರಿನಲ್ಲೇ ಆದರೆ ಮಸ್ಕಿಯ, ಶಹಾಪುರದ ಹುಡುಗಿಯನ್ನು ಮನೆಯವರು ಕಳಿಸುವುದಿಲ್ಲ. ಕಳಿಸಬೇಕು ಎಂದು ನಾವು ವೇದಿಕೆಯಿಂದ ಉಪದೇಶ ಮಾಡಬಹುದು. ಸುರಕ್ಷಿತ ಹಾಸ್ಟೆಲು ತೋರಿಸದೆ ಮಾಡಿದ ಉಪದೇಶಕ್ಕೆ ಮೂರು ಕಾಸಿನ ಬೆಲೆ ಇಲ್ಲ. ನರಸಾಪುರ, ದೇವನಹಳ್ಳಿಯ ಮೊಬೈಲ್ ಫೋನ್ ಕಾರ್ಖಾನೆಗಳಲ್ಲಿ ಸಾವಿರಾರು ಹುಡುಗಿಯರು ದುಡಿಯುತ್ತಿದ್ದಾರೆ ಎಂದರೆ ಅದರ ಹಿಂದೆ ಹಾಸ್ಟೆಲು, ಬಸ್ಸು ಇವೆ. ಊರ ಹತ್ತಿರದಲ್ಲೂ ಕೆಲಸಗಳಿವೆ: ಕಲಬುರಗಿಯ ಬೇಳೆ ಮಿಲ್ಲುಗಳ ಲೆಕ್ಕಪತ್ರ, ರಾಯಚೂರಿನ ಹತ್ತಿ ಮತ್ತು ಅಕ್ಕಿ ಗಿರಣಿ, ಸಹಕಾರಿ ಬ್ಯಾಂಕು, ತಾಲ್ಲೂಕಿನ ಖಾಸಗಿ ಆಸ್ಪತ್ರೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತಲಿನ ನೂರೆಂಟು ಸಣ್ಣ ಘಟಕಗಳು. ಇವರು ಜಾಲತಾಣದಲ್ಲಿ ಅಪ್ರೆಂಟಿಸ್ ಬೇಕೆಂದು ನೋಂದಾಯಿಸುವವರಲ್ಲ. ಕಾಲೇಜಿನವರು ಹೋಗಿ, ಚಹಾ ಕುಡಿದು, ಮಾತಾಡಿ ಒಪ್ಪಿಸಬೇಕು.

ಎರಡನೆಯದು, ಅಪ್ರೆಂಟಿಸ್ ಹೆಸರಿನಲ್ಲಿ ಅಗ್ಗದ ಆಳು. ವರ್ಷವಿಡೀ ಪೆಟ್ಟಿಗೆಗೆ ಟೇಪು ಅಂಟಿಸಿ ಬಂದು 'ಸರಕು ಸಾಗಣೆ ನಿರ್ವಹಣೆ'ಯಲ್ಲಿ ಪದವಿ ಪಡೆದವರನ್ನು ನಾನು ಬಲ್ಲೆ. ಏನು ಕಲಿತೆ ಎಂದು ತಿಂಗಳಿಗೊಮ್ಮೆ ಅಧ್ಯಾಪಕರು ಕೆಲಸದ ಜಾಗಕ್ಕೇ ಹೋಗಿ ನೋಡದಿದ್ದರೆ ಇದು ತಪ್ಪುವುದಿಲ್ಲ.

ಪ್ರಾದೇಶಿಕ ಅಸಮಾನತೆಯ ಮಾತನ್ನು ಈ ಭಾಗದಲ್ಲಿ ನಿಂತು ಉದ್ದ ಮಾಡಬೇಕಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ ವಿಭಾಗದವೇ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿದೆ. ಅದರ ಹಣದಲ್ಲಿ ಕಟ್ಟಡಗಳು ಚೆನ್ನಾಗಿಯೇ ಎದ್ದಿವೆ. ಅವುಗಳೊಳಗೆ ಆ ವಿಚಾರಿಸುವ ಮನುಷ್ಯನೂ ಬೇಕು.

ಬಡ ಮಕ್ಕಳಿಗೆ ಒಳ್ಳೆಯ ತರಬೇತಿ ಕೊಟ್ಟರೆ ಅವರು ಎಲ್ಲಿಗೆ ಮುಟ್ಟಬಲ್ಲರು ಎಂಬುದರಲ್ಲಿ ಸಂಶಯ ಉಳಿದಿಲ್ಲ. ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನೇ ಆರಿಸಿ ಮೂರು ವರ್ಷ ಊಟ ವಸತಿಯೊಂದಿಗೆ ಕಲಿಸುತ್ತದೆ. ಮೈಸೂರಿನ ಜೆಎಸ್‌ಎಸ್ ಅಂಗವಿಕಲರ ಪಾಲಿಟೆಕ್ನಿಕ್ 1989ರಿಂದ ನಡೆಯುತ್ತಿದೆ. ನಮ್ಮದೇ ಸರ್ಕಾರದ ಜಿಟಿಟಿಸಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದದ್ದು. ಅಲ್ಲಿ ಮೂರು ವರ್ಷ ಕಲಿತ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ದುಡಿದರೇ ಡಿಪ್ಲೊಮಾ. ಟೂಲ್ ಅಂಡ್ ಡೈ ಕಲಿತ ಅಲ್ಲಿನ ಮಕ್ಕಳಿಗೆ ಕೆಲಸ ಹುಡುಕುವ ಕಷ್ಟ ಕಡಿಮೆ. ಇವುಗಳ ತೊಡಕು ಒಂದೇ, ಇರುವ ಜಾಗ ಸ್ವಲ್ಪ. ಬಿಡದಿಯಲ್ಲಿ ಆರಂಭಕ್ಕೆ ವರ್ಷಕ್ಕೆ 64 ಮಕ್ಕಳು. ಜಾಣರನ್ನು ಆರಿಸಿ ಜಾಣರನ್ನು ತಯಾರಿಸುವುದು ಒಂದು ಬಗೆ. ಬಂದವರನ್ನೆಲ್ಲ ಸೇರಿಸಿಕೊಂಡು ದಡ ಮುಟ್ಟಿಸುವುದು ಸರ್ಕಾರಿ ಕಾಲೇಜಿನ ಹೊಣೆ. ಅದು ಕಷ್ಟದ ಕೆಲಸ, ಹೊಗಳಿಕೆಯೂ ಸಿಗದ ಕೆಲಸ.

ಸರ್ಕಾರದ ಕೈಯಲ್ಲಿ ಈಗಾಗಲೇ ಒಂದು ಪಟ್ಟಿ ಇದೆ ಎಂಬುದನ್ನೂ ನೆನಪಿಸುತ್ತೇನೆ. ಯುವನಿಧಿ ಯೋಜನೆಯಡಿ, ಓದು ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಹಣ ಖಾತೆಗೆ ಹೋಗುತ್ತದೆ ಎಂದರೆ ಯಾವ ತಾಲ್ಲೂಕಿನ, ಯಾವ ಕಾಲೇಜಿನ, ಯಾವ ಕೋರ್ಸಿನ ಮಗು ಕೆಲಸವಿಲ್ಲದೆ ಕೂತಿದೆ ಎಂಬುದು ಸರ್ಕಾರಕ್ಕೆ ಹೆಸರು ಸಮೇತ ಗೊತ್ತಿದೆ. ಆ ಪಟ್ಟಿಯನ್ನು ಪ್ರತಿ ಕಾಲೇಜಿಗೂ ಕಳಿಸಿ, ಇವರು ನಿಮ್ಮ ಮಕ್ಕಳು, ಇವರಿಗೆ ಫೋನ್ ಮಾಡಿ ಎಂದರೆ ಸಾಕು. ಹೊಸ ಇಲಾಖೆ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ.

ಇನ್ನು ನಮ್ಮ ಕೈಯಲ್ಲಿರುವ ಮಾತು. ನಮ್ಮ ಕಾಲೇಜುಗಳಲ್ಲಿ ದತ್ತಿಗಳು ಬಹಳ. ಅವುಗಳ ಬಡ್ಡಿಯಲ್ಲಿ ಚಿನ್ನದ ಪದಕ ಕೊಡುತ್ತೇವೆ, ಪ್ರಬಂಧ ಸ್ಪರ್ಧೆ ಮಾಡುತ್ತೇವೆ, ನನ್ನಂಥವರನ್ನು ಕರೆಸಿ ಶಾಲು ಹೊದಿಸಿ ಮಾತಾಡಿಸುತ್ತೇವೆ. ಪದಕ ಪಡೆಯುವ ಮಗುವಿಗೆ ದಾರಿ ಹೇಗೂ ಸಿಗುತ್ತದೆ. ಇನ್ನು ಮುಂದೆ ತಂದೆ ತಾಯಿಯ ಹೆಸರಿನಲ್ಲಿ ದತ್ತಿ ಇಡಲು ಯಾರಾದರೂ ಬಂದರೆ ಪ್ರಾಂಶುಪಾಲರು ದಯವಿಟ್ಟು ಅವರನ್ನು ಕೂರಿಸಿಕೊಂಡು ಕೇಳಬೇಕು: ಮೊದಲ ತಿಂಗಳ ನಿಧಿ ಎಂದು ಇಡುತ್ತೀರಾ ಎಂದು. ಕೆಲಸಕ್ಕೋ ಅಪ್ರೆಂಟಿಸ್‌ಶಿಪ್ಪಿಗೋ ಹೊರಡುವ ವಿದ್ಯಾರ್ಥಿಗೆ ಅದರಿಂದ ಹದಿನೈದು ಸಾವಿರ ರೂಪಾಯಿ ಮುಂಗಡ, ಬಡ್ಡಿಯಿಲ್ಲದೆ. ಅರ್ಜಿ ಒಂದೇ ಪುಟ, ಸಹಿ ಎರಡು, ಹಣ ಅದೇ ದಿನ. ಸಂಬಳ ಕೈಗೆ ಬಂದ ಮೇಲೆ ತಿಂಗಳಿಗೆ ಸಾವಿರ ಸಾವಿರದಂತೆ ವಾಪಸು ಕಟ್ಟಲಿ, ಮುಂದಿನವರಿಗೆ ಅದು ಹೋಗಲಿ. ಕೆಲವರು ಕಟ್ಟದೆ ಹೋಗಬಹುದು. ಅಷ್ಟು ನಷ್ಟವನ್ನು ಕಾಲೇಜು ತಾಳಿಕೊಳ್ಳಬೇಕು.

ಇವತ್ತು ನನಗೆ ಕೊಡುವ ಸಂಭಾವನೆಯನ್ನು ಆ ನಿಧಿಯ ಮೊದಲ ಕಂತೆಂದು ಇಟ್ಟುಕೊಳ್ಳಿ. ಈ ಸಭೆಯಲ್ಲಿ ಸಂಬಳದಲ್ಲಿರುವ ಹಳೆಯ ವಿದ್ಯಾರ್ಥಿಗಳು ಹಲವರು ಕೂತಿದ್ದೀರಿ. ಹೊರಡುವ ಮುನ್ನ ಕಚೇರಿಯಲ್ಲಿ ನಿಮ್ಮ ಹೆಸರನ್ನೂ ಬರೆಸಿ ಹೋಗಬೇಕೆಂದು ಕೇಳಿಕೊಳ್ಳುತ್ತೇನೆ.